ಪಟ್ಟಿಯ ಕೆಳಗಿನ ತುಂಡು

ಫೆಬ್ರವರಿ ೬, ಸೋಮವಾರ

ಅಕ್ಕನ ರಿಪೋರ್ಟು ಬಂತು. ಹಾರ್ಮೋನು ಗ್ರಾಹಕ: ಇಲ್ಲ.

ಎದೆಯ ಗಂಟು ಕ್ಯಾನ್ಸರ್ ಎಂದು ಹೋದ ವಾರವೇ ಗೊತ್ತಾಗಿತ್ತು. ಇವತ್ತು ಗೊತ್ತಾಗಬೇಕಿದ್ದದ್ದು ಅದು ಯಾವ ಬಗೆಯದು ಎಂಬುದು. ಗಂಟಿನ ಕೋಶಗಳಲ್ಲಿ ಹೆಣ್ಣು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಇದ್ದರೆ ದಾರಿ ಸುಲಭ. ಗಂಟು ತೆಗೆಸಿ, ದಿನಕ್ಕೊಂದು ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಬದುಕಬಹುದು. ಗ್ರಾಹಕವೇ ಇಲ್ಲದಿದ್ದರೆ ಆ ಮಾತ್ರೆಗೆ ಮಾಡಲು ಕೆಲಸವಿಲ್ಲ. ಆಗ ಮೊದಲು ಕೀಮೋ, ಆಮೇಲೆ ಆಪರೇಷನ್. ಅಕ್ಕನಿಗೆ ಕೀಮೋ ಅಂದರೆ ಬರೀ ಕೂದಲು ಉದುರುವ ಮಾತಲ್ಲ. ಚಿಕ್ಕವಳಿದ್ದಾಗ ಬಂದ ಜ್ವರ ಅವಳ ಹೃದಯದ ಒಂದು ಕವಾಟವನ್ನು ಸಡಿಲ ಮಾಡಿ ಹೋಗಿದೆ. "ಆ ಔಷಧಿ ಹಾರ್ಟಿಗೆ ಒಳ್ಳೇದಲ್ಲ, ನಿಜ. ಆದ್ರೆ ಬೇರೆ ದಾರಿ ಕಾಣ್ತಿಲ್ಲ" ಎಂದರು ಡಾಕ್ಟರು. ಮುಂದಿನ ಬುಧವಾರ ಶುರು.

ರಿಪೋರ್ಟು ಓದಿದವನು ನಾನು. ಭಾವ ಅದನ್ನು ನನ್ನ ಕೈಗೆ ತುರುಕಿ, "ನೀನು ಆಸ್ಪತ್ರೆಯವನು, ನೀನೇ ಓದು" ಎಂದು ಗೋಡೆಯ ಕಡೆ ತಿರುಗಿ ನಿಂತರು. ಸೋಫಾಗಳಿಗೆ ಬಟ್ಟೆ ಹೊಲಿಯುವ ಮನುಷ್ಯ. ಸೂಜಿಗೆ ಹೆದರುವವರಲ್ಲ, ಕಾಗದಕ್ಕೆ ಹೆದರುತ್ತಾರೆ. ನಾನು ಎರಡಕ್ಕೂ ಹೆದರುತ್ತೇನೆ. ಅಕ್ಕ ಮಾತ್ರ, "ಬುಧವಾರ ತಾನೆ? ಹಾಗಾದ್ರೆ ಮಂಗಳವಾರದವರೆಗೂ ಮಕ್ಕಳಿಗೆ ಕ್ಲಾಸ್ ತಗೋಬೋದು" ಎಂದು ಚೀಲ ಎತ್ತಿಕೊಂಡು ಹೊರಟಳು. ಅವಳು ಈಜು ಕಲಿಸುತ್ತಾಳೆ. ಅವಳು ಸೀಟಿ ಊದಿದರೆ ಕೊಳದ ಆಚೆ ದಡದಲ್ಲಿ ತಂಟೆ ಮಾಡುತ್ತಿರುವವರೂ ನೆಟ್ಟಗೆ ನಿಲ್ಲುತ್ತಾರೆ.

ಬಸ್ಸಿನಲ್ಲಿ ನಾನು ಬಾಯಿ ಮುಚ್ಚಲಿಲ್ಲ. ಕವಾಟ, ಕೀಮೋ, ಕವಾಟ ಎಂದು ಅದನ್ನೇ ತಿರುಗಾ ಮುರುಗಾ ಹೇಳುತ್ತಿದ್ದೆ. ಕೊನೆಗೆ ಅಕ್ಕ, "ಲೋ ಪುಕ್ಲ, ನನ್ ತಲೆ ತಿನ್ಬೇಡ. ನಿನ್ ಭಯಾನೆಲ್ಲ ಎಲ್ಲಾದ್ರೂ ಬರ್ಕೊ ಹೋಗು" ಎಂದಳು. ಬರೆದುಕೊಳ್ಳುತ್ತಿದ್ದೇನೆ. ಪುಕ್ಕಲ ಎಂಬುದು ಅಮ್ಮ ತೀರಿಕೊಂಡ ವರ್ಷ ಅವಳೇ ಇಟ್ಟ ಹೆಸರು. ತಲೆ ನರೆತರೂ ಬಿಟ್ಟಿಲ್ಲ, ನಾನೂ ಅದಕ್ಕೆ ಮೋಸ ಮಾಡಿಲ್ಲ. ಲಿಫ್ಟಿನಲ್ಲಿ ಒಬ್ಬನೇ ಹೋಗುವುದಿಲ್ಲ. ಸಭೆಯಲ್ಲಿ ನನ್ನ ಸರದಿ ಬಂದರೆ ಕೆಮ್ಮು ಬರುತ್ತದೆ.

ಫೆಬ್ರವರಿ ೭, ಮಂಗಳವಾರ

ನನ್ನ ಹೊಟ್ಟೆಪಾಡೇ ಆ ಗ್ರಾಹಕ. ಅದೇ ಆಸ್ಪತ್ರೆಯ ಮೂರನೇ ಮಹಡಿಯ ಸಂಶೋಧನಾ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಕಿಣ್ವಗಳು ಹಾರ್ಮೋನು ಗ್ರಾಹಕವನ್ನು ಹೇಗೆ ಚೂರು ಮಾಡುತ್ತವೆ ಎಂದು ನೋಡುವುದು ನಮ್ಮ ಕೆಲಸ. ಹೊಸಬರು ಬಂದರೆ ಹೀಗೆ ವಿವರಿಸುತ್ತೇನೆ: ಗ್ರಾಹಕ ಅಂದರೆ ಉದ್ದನೆಯ ಒಂದು ಪ್ರೋಟೀನು. ಬಾಲದ ಕಡೆ ಹಾರ್ಮೋನು ಬಂದು ಕೂರುತ್ತದೆ, ನಡು ಹೋಗಿ ಡಿಎನ್‌ಎಯನ್ನು ಹಿಡಿಯುತ್ತದೆ, ತಲೆಯೂ ಸೇರಿದರೆ ಕೋಶಕ್ಕೆ ಬೆಳೆಯುವ ಅಪ್ಪಣೆ ಹೊರಡುತ್ತದೆ. ಕಿಣ್ವಗಳು ಕತ್ತರಿಗಳು. ಜೀವವಿರುವ ಕೋಶ ಅವನ್ನು ಚೀಲದಲ್ಲಿಟ್ಟು ಕಾಯುತ್ತದೆ. ಮಾಂಸದ ತುಂಡು ಮೈಯಿಂದ ಹೊರಬಂದು ಬೆಚ್ಚಗಿನ ಜಾಗದಲ್ಲಿ ಬಿದ್ದಿದ್ದರೆ ಕಾಯುವವರಿಲ್ಲ. ಕತ್ತರಿಗಳು ಸಿಕ್ಕಿದ್ದನ್ನೆಲ್ಲ ಕಚಕಚ ಕತ್ತರಿಸತೊಡಗುತ್ತವೆ. ಐಸಿನಲ್ಲಿಟ್ಟರೆ ಮರಗಟ್ಟಿ ಸುಮ್ಮನಿರುತ್ತವೆ. ಅದಕ್ಕೇ ನಮ್ಮಲ್ಲಿ ಎಲ್ಲವೂ ಐಸಿನ ಮೇಲೆ, ನನ್ನ ಬೆರಳುಗಳೂ ಸೇರಿ.

ಬೆಳಿಗ್ಗೆ ದೊಡ್ಡ ಮೇಡಂ ಹೊಸ ಟ್ಯೂಬುಗಳ ಪೆಟ್ಟಿಗೆ ಕೊಟ್ಟರು. ಲ್ಯಾಬಿನ ಮುಖ್ಯಸ್ಥೆ ಅವರು. ಆಳು ಗಿಡ್ಡ, ಹೆಸರು ಮಾತ್ರ ದೊಡ್ಡ ಮೇಡಂ. ಕೆಳಗೆ ಸೂಜಿ ಹಾಕಿ ತೆಗೆದ ತುಂಡುಗಳಲ್ಲಿ ಒಂದು ರಿಪೋರ್ಟಿಗಾಗಿ ನೆಲಮಹಡಿಯ ಪರೀಕ್ಷಾಲಯಕ್ಕೆ ಹೋಗುತ್ತದೆ, ರೋಗಿ ಒಪ್ಪಿದರೆ ಇನ್ನೊಂದು ನಮಗೆ ಬರುತ್ತದೆ. ಹೆಸರಿರುವುದಿಲ್ಲ, ನಂಬರು ಮಾತ್ರ. ಮುಚ್ಚಳ ತೆಗೆದೆ. ಒಂದು ಟ್ಯೂಬಿನ ಮೇಲೆ ನಿನ್ನೆ ಅಕ್ಕನ ರಿಪೋರ್ಟಿನ ಮೂಲೆಯಲ್ಲಿದ್ದ ನಂಬರು.

ಟ್ಯೂಬನ್ನು ಬೆಳಕಿಗೆ ಹಿಡಿದೆ. ಒಳಗಿದ್ದದ್ದು ದಾರದ ಎಳೆಯಷ್ಟು ತುಂಡು, ಬಣ್ಣವೂ ಇಲ್ಲ. ಮೇಡಮ್ಮಿಗೆ ಹೇಳಿಬಿಡಬೇಕಿತ್ತು. ಹೇಳಿದರೆ ಟ್ಯೂಬನ್ನು ಬೇರೆಯವರ ಕೈಗೆ ಕೊಡುತ್ತಾರೆ. ಬೇರೆಯವರ ಕೈ ಅಂದರೆ ನನಗೆ ಭಯ.

ಫೆಬ್ರವರಿ ೯, ಗುರುವಾರ

ಟ್ಯೂಬುಗಳ ಪ್ರೋಟೀನುಗಳನ್ನು, ಒಂದೊಂದು ಟ್ಯೂಬಿಗೆ ಒಂದೊಂದು ಸಾಲಿನಂತೆ, ಅಂಟಿನಂಥ ಜೆಲ್ಲಿನಲ್ಲಿ ಕರೆಂಟು ಹರಿಸಿ ಓಡಿಸಿದೆ. ದೊಡ್ಡವು ಮೇಲೆಯೇ ನಿಲ್ಲುತ್ತವೆ, ಸಣ್ಣವು ಕೆಳಗೆ ಜಾರುತ್ತವೆ. ಎಲ್ಲವನ್ನೂ ಒಂದು ಬಿಳಿ ಪಟ್ಟಿಗೆ ಇಳಿಸಿಕೊಂಡು, ಪಟ್ಟಿಯನ್ನು ಕತ್ತರಿಯಿಂದ ಅಡ್ಡಕ್ಕೆ ಎರಡು ಮಾಡಿದೆ. ಇದು ನಮ್ಮ ಲ್ಯಾಬಿನ ಪದ್ಧತಿ. ಗ್ರಾಹಕ ನಿಲ್ಲುವುದು ಮೇಲಿನ ತುಂಡಿನಲ್ಲಿ. ಅದನ್ನು ಗುರುತಿಸುವ ಪ್ರತಿಕಾಯ ದುಬಾರಿ, ಇಡೀ ಪಟ್ಟಿಗೆ ಸುರಿದರೆ ಮೇಡಂ ಮುಖ ಸಿಂಡರಿಸುತ್ತಾರೆ. ಕೆಳಗಿನ ತುಂಡು ಪುಡಿ ಕೆಲಸಕ್ಕೆ, ಎಲ್ಲ ಸಾಲಿಗೂ ಸಮನಾಗಿ ಹಾಕಿದ್ದೇನೆಯೇ ಎಂದು ನೋಡುವುದಕ್ಕೆ.

ಅಕ್ಕನ ಸಾಲು ಖಾಲಿ. ಕಪ್ಪು ಗೆರೆ ಬರಬೇಕಾದ ಜಾಗದಲ್ಲಿ ಬಿಳಿ ಬಿಟ್ಟರೆ ಏನಿಲ್ಲ. ಅದರ ಆಚೀಚೆ ಇನ್ನೂ ಕೆಲವು ಸಾಲು ಖಾಲಿ ಇದ್ದವು, ಅವು ಯಾರವೋ.

ನೆಲಮಹಡಿಯವರು ಹೇಳಿದ್ದೇ ನಿಜವಾಯಿತು. ಶೀತದ ಕೋಣೆಗೆ ಹೋಗಿ ಅತ್ತೆ. ಅಲ್ಲಿಗೆ ಯಾರೂ ಸುಮ್ಮನೆ ಬರುವುದಿಲ್ಲ.

ಫೆಬ್ರವರಿ ೧೦, ಶುಕ್ರವಾರ

ಕೆಲಸ ಮುಗಿಸಿ ಭಾವನ ಅಂಗಡಿಗೆ ಹೋದೆ. ಮನೆಗೆ ಹೋಗಿ ಅಕ್ಕನ ಮುಖ ನೋಡಲು ಧೈರ್ಯವಿರಲಿಲ್ಲ. ಭಾವ ಒಂದು ಹಳೆ ಕುರ್ಚಿಯ ಹೊಟ್ಟೆ ಬಿಚ್ಚಿ ಕೂತಿದ್ದರು, ತುಟಿಗಳ ನಡುವೆ ಮೊಳೆಗಳು. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆಮೇಲೆ ಅವರೇ ಮೊಳೆಗಳನ್ನು ಅಂಗೈಗೆ ಉಗಿದು ಶುರು ಮಾಡಿದರು.

"ಅವತ್ತು ನಾನು ಅಷ್ಟು ಹೊತ್ತು ಕಾವಲು ಕೂತಿದ್ದೂ ದಂಡ ಆಯ್ತು."

"ಯಾವುದಕ್ಕೆ ಕಾವಲು ಭಾವ?"

"ನಿಮ್ಮಕ್ಕನಿಗೆ ಸೂಜಿ ಹಾಕಿ ತೆಗೆದ್ರಲ್ಲ, ಆ ತುಂಡಿಗೆ. ಬಟ್ಟಲಲ್ಲಿ ನೀರಿನ ತರ ಏನೋ ಹಾಕಿ, ಅದರೊಳಗೆ ಬಿಟ್ಟು, ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ರು. ಬಾಗಿಲ ಗಾಜಿಂದ ಕಾಣ್ತಿತ್ತು. ಯಾರಾದ್ರೂ ಪರೀಕ್ಷೆಗೆ ತಗೊಂಡು ಹೋಗೋವರೆಗೂ ಅಲ್ಲಿಂದ ಏಳಬಾರದು ಅಂದ್ಕೊಂಡೆ. ನಿಮ್ಮಕ್ಕ ಊಟಕ್ಕೆ ಕರೆದ್ಲು, ಹೋಗ್ಲಿಲ್ಲ."

"ಆಮೇಲೆ?"

"ಆಮೇಲೇನು, ಯಾರೂ ಬರ್ಲಿಲ್ಲ. ಕೇಳಿದ್ದಕ್ಕೆ, 'ಇವತ್ತಿಂದು ಎಲ್ಲಾರ್ದೂ ಮುಗೀಲಿ, ಒಟ್ಟಿಗೆ ಒಯ್ತೀವಿ, ಕೆಳಗಿನ ಸಾರು ಹಾಗೇ ಹೇಳಿದಾರೆ' ಅಂದ್ರು. ಬಿಸಿಲು ನೆಟ್ಟಗೆ ಆ ಮೇಜಿನ ಮೇಲೇ. ಸಾಯಂಕಾಲ ಬಂದು ಎತ್ಕೊಂಡು ಹೋದ್ರು."

ನಮ್ಮ ಟ್ಯೂಬಿಗೆ ಬಂದ ತುಂಡೂ ಅದೇ ಬಟ್ಟಲಿನದು. "ಐಸ್ ಇತ್ತಾ ಭಾವ? ಬಟ್ಟಲ ಕೆಳಗೆ ಐಸ್ ಇಟ್ಟಿದ್ರಾ?"

"ಐಸ್ ಯಾಕೋ? ಅದೇನು ಶರಬತ್ತಾ?"

ಎದ್ದು ಬಂದೆ. ಆಸೆಯಾಗುತ್ತಿದೆ. ಆಸೆ ಇನ್ನೂ ಹೆಚ್ಚು ಹೆದರಿಸುತ್ತದೆ. ಭಯವಾದರೆ ಮೂಲೆಯಲ್ಲಿ ಕೂರಬಹುದು, ಆಸೆಯಾದರೆ ಎದ್ದು ಏನಾದರೂ ಮಾಡಬೇಕಾಗುತ್ತದೆ.

ಫೆಬ್ರವರಿ ೧೧, ಶನಿವಾರ

ರಜೆಯ ದಿನ. ಲ್ಯಾಬಿನಲ್ಲಿ ನಾನೊಬ್ಬನೇ. ಗುರುವಾರದ ಪಟ್ಟಿಯ ಕೆಳಗಿನ ತುಂಡು ಫ್ರಿಜ್ಜಿನಲ್ಲೇ ಇತ್ತು.

ನಾವೂ ನೆಲಮಹಡಿಯವರೂ ಬಳಸುವ ಪ್ರತಿಕಾಯ ಗ್ರಾಹಕದ ತಲೆಯನ್ನು ಗುರುತಿಸುತ್ತದೆ. ಕತ್ತರಿ ಬಿದ್ದರೆ ಮೊದಲು ಹಾಳಾಗುವುದು ತಲೆಯೇ. ತಲೆ ಚಿಂದಿಯಾದ ಮೇಲೆ ಬಾಲ ಉಳಿದಿದ್ದರೂ ಅದು ಸಣ್ಣದಾಗಿ ಪಟ್ಟಿಯ ಕೆಳಕ್ಕೆ ಜಾರಿರುತ್ತದೆ, ನಾವು ನೋಡದೆ ಕತ್ತರಿಸಿ ಪಕ್ಕಕ್ಕಿಡುವ ಜಾಗಕ್ಕೆ. ಇಷ್ಟು ದಿನ ಗ್ರಾಹಕದ ಚೂರುಗಳ ಮೇಲೇ ಕೆಲಸ ಮಾಡುತ್ತಿರುವ ನಮಗೆ, ರೋಗಿಗಳ ಪಟ್ಟಿ ಬಂದಾಗ ಚೂರು ಹುಡುಕಬೇಕೆಂದು ಹೊಳೆದೇ ಇರಲಿಲ್ಲ.

ಬಾಲವನ್ನು ಗುರುತಿಸುವ ಪ್ರತಿಕಾಯದ ಶೀಶೆ ಮೇಡಮ್ಮಿನ ಕಪಾಟಿನಲ್ಲಿತ್ತು. ಅಪ್ಪಣೆ ಕೇಳದೆ ತೆಗೆದು ಕೆಳಗಿನ ತುಂಡಿಗೆ ಸುರಿದೆ.

ಅಕ್ಕನ ಸಾಲಿನಲ್ಲಿ, ಕೆಳಗೆ, ಗೆರೆಗಳು. ಒಂದು ದಪ್ಪ, ಎರಡು ಸಣ್ಣ. ಗ್ರಾಹಕ ಇತ್ತು. ಮುರಿದು ಬಿದ್ದಿತ್ತು.

ಕುರ್ಚಿ ಎಳೆದುಕೊಂಡು ಕೂತೆ. ತುಂಬ ಸಂತೋಷವಾಯಿತು.

ಫೆಬ್ರವರಿ ೧೨, ಭಾನುವಾರ

ಯಾರಿಗೂ ಹೇಳಲಿಲ್ಲ. ಅಕ್ಕ ಸೀಟಿಯ ದಾರ ತೊಳೆದು ಒಣಹಾಕುತ್ತಿದ್ದಳು. ನಾಳೆ ಮೇಡಮ್ಮಿಗೆ ಹೇಳಬೇಕು. ಕೆಲಸ ಹೋಗಬಹುದು.

ಫೆಬ್ರವರಿ ೧೩, ಸೋಮವಾರ

ಕೆಲಸ ಹೋಗಲಿಲ್ಲ. ಬೈಗುಳ ಸಿಕ್ಕಿತು. "ನಂಬರು ಯಾರದು ಅಂತ ಗೊತ್ತಾದ ಕ್ಷಣಾನೇ ನೀವು ಆ ಟ್ಯೂಬು ಕೆಳಗಿಡಬೇಕಿತ್ತು. ನಿಮ್ಮ ಕಣ್ಣಿಗೆ ಬೇಕಾದ್ದೇ ಕಾಣುತ್ತೆ, ಅಷ್ಟೂ ತಿಳಿಯಲ್ವಾ?" ಎಂದರು ದೊಡ್ಡ ಮೇಡಂ. ತಲೆ ತಗ್ಗಿಸಿ ನಿಂತೆ. ಆದರೆ ಪಟ್ಟಿಯ ಚಿತ್ರವನ್ನು ಅವರ ಕಣ್ಣ ಮುಂದಿನಿಂದ ತೆಗೆಯಲಿಲ್ಲ. ಬೈಯುತ್ತಲೇ ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬೈಗುಳ ನಿಂತಿತು.

"ಚೂರಾಗಿದೆ, ಸರಿ. ಎಲ್ಲಿ ಚೂರಾಯ್ತು?"

"ಬಿಸಿಲಲ್ಲಿ ಮೇಡಂ. ಮೇಜಿನ ಮೇಲೆ."

"ಅದು ನಿಮ್ಮ ಆಸೆ. ಕೆಲವು ಗಂಟುಗಳು ಮೈಯೊಳಗೇ ಇದನ್ನ ಕತ್ತರಿಸಿಕೊಂಡು ಕೂತಿರ್ತವೆ. ಹಾಗಿದ್ರೆ ಮಾತ್ರೇನ ನಂಬೋ ಹಾಗಿಲ್ಲ. ನಿಮ್ಮ ಮಾತು ಕೇಳಿ ಕೀಮೋ ನಿಲ್ಲಿಸಿ, ಮಾತ್ರೇನೂ ಕೆಲಸ ಮಾಡದೆ ಹೋದ್ರೆ?"

ಅದು ನನಗೆ ಹೊಳೆದೇ ಇರಲಿಲ್ಲ. ಹೊಳೆದಿತ್ತೇನೋ, ನೋಡಲು ಹೆದರಿ ಪಕ್ಕಕ್ಕಿಟ್ಟಿದ್ದೆ. ಒಂದು ಕಡೆ ಅಕ್ಕನ ಕವಾಟ, ಇನ್ನೊಂದು ಕಡೆ ಬೆಳೆಯುತ್ತಿರುವ ಗಂಟು.

"ಇನ್ನೊಂದು ಸಲ ಸೂಜಿ ಹಾಕಿಸಿ, ತುಂಡನ್ನ ಕೂಡಲೇ ಐಸಿಗೆ ಹಾಕಿ ನೋಡಬೇಕು. ಬೇರೆ ಉಪಾಯ ಇಲ್ಲ. ಡಾಕ್ಟರಿಗೆ ನೀವೇ ಹೇಳಿ, ನಾನು ಪಕ್ಕದಲ್ಲಿರ್ತೀನಿ" ಎಂದರು ಮೇಡಂ.

ಫೆಬ್ರವರಿ ೧೪, ಮಂಗಳವಾರ

ಮೇಡಂ ಜೊತೆ ಡಾಕ್ಟರ ಹತ್ತಿರ ಹೋದೆ.

ಡಾಕ್ಟರ ಕೋಣೆಯಲ್ಲಿ ಗಾಜಿನ ಮೇಷ್ಟ್ರೂ ಇದ್ದರು. ನೆಲಮಹಡಿಯ ಪರೀಕ್ಷಾಲಯದ ಮುಖ್ಯಸ್ಥರು. ಜೀವಮಾನವೆಲ್ಲ ಗಾಜಿನ ಸ್ಲೈಡು ನೋಡಿ, ಎಲ್ಲರಿಗೂ ಅದನ್ನೇ ಪಾಠ ಮಾಡುವುದರಿಂದ ಆ ಹೆಸರು. ಚಿತ್ರವನ್ನು ಎರಡು ಬೆರಳಿನಲ್ಲಿ ಹಿಡಿದು, "ನನ್ನ ರಿಪೋರ್ಟನ್ನ ಮೇಲಿನ ಮಹಡಿ ಟೆಕ್ನಿಷಿಯನ್ನು ತಿದ್ದೋದಾ?" ಎಂದರು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಯಾರೋ ಹೇಳಿದರು: "ತಿದ್ದೋದಲ್ಲ ಸಾರ್. ನೀವು 'ಇಲ್ಲ' ಅಂತ ಬರೆದಿದೀರಿ. ನಿಮಗೆ ಕಾಣಲಿಲ್ಲ ಅಷ್ಟೆ. 'ಕಾಣಲಿಲ್ಲ' ಅಂತ ಬರೆದಿದ್ರೆ ಡಾಕ್ಟರು ಇನ್ನೊಂದು ಸಲ ನೋಡಿ ಅಂತಿದ್ರು. 'ಇಲ್ಲ' ಅಂದ ಮೇಲೆ ಯಾರು ಹುಡುಕ್ತಾರೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಎದ್ದು ಹೋದರು. ಡಾಕ್ಟರು ಮೇಜಿನ ಮೇಲೆ ಪೆನ್ನು ಉರುಳಿಸುತ್ತ ಕೂತಿದ್ದು, "ಒಂದು ವಾರ. ಅದಕ್ಕಿಂತ ಹೆಚ್ಚು ಕಾಯೋಕಾಗಲ್ಲ" ಎಂದರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಂಥ ಹೇಡಿಯನ್ನು ಯಾರಾದರೂ ಇಂಥ ಕೆಲಸಕ್ಕೆ ಕಳಿಸುತ್ತಾರೆಯೇ?

ಅಕ್ಕನಿಗೆ ಹೇಳುವುದು ಸುಲಭ ಎಂದುಕೊಂಡಿದ್ದೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಮೇಡಂ ಕೇಳಿದ ಪ್ರಶ್ನೆಯನ್ನೂ ಬಿಡದೆ. ಅವಳು ಒಂದೇ ಲೋಟವನ್ನು ಒರೆಸುತ್ತಲೇ ಇದ್ದಳು.

"ಮತ್ತೆ ಚುಚ್ಚಿಸ್ಕೋಬೇಕಾ?"

ಆ ದನಿ ನನಗೆ ಗುರುತು ಸಿಗಲಿಲ್ಲ. ಸೀಟಿ ಊದುವ ಅಕ್ಕನದಲ್ಲ. "ಹೋದ ಸಲ ನಾನು ಕಿರುಚಿಬಿಟ್ಟೆ ಕಣೋ. ನಿಮ್ ಭಾವ ಹೊರಗಿದ್ರು, ಕೇಳಿಸಿರತ್ತೆ. ಕೇಳಿಸ್ಲಿಲ್ಲ ಅಂತಾರೆ" ಎಂದಳು.

ಅವಳ ಕೈಯಿಂದ ಲೋಟ ತೆಗೆದುಕೊಂಡೆ. "ಈ ಸಲ ನಾನು ಒಳಗೇ ಇರ್ತೀನಕ್ಕ" ಎಂದೆ. ರಕ್ತ ಕಂಡರೆ ತಲೆ ಸುತ್ತುವವನು ಯಾವ ಬಾಯಲ್ಲಿ ಹಾಗೆಂದೆನೋ.

ಫೆಬ್ರವರಿ ೧೭, ಶುಕ್ರವಾರ

ಐಸ್ ಡಬ್ಬಿ ಹಿಡಿದು ಒಳಗೆ ನಿಂತೆ. ಎಡಗೈಯಲ್ಲಿ ಡಬ್ಬಿ, ಬಲಗೈ ಅಕ್ಕನ ಹಿಡಿತದಲ್ಲಿ. ಸೂಜಿ ಒಳಗೆ ಹೋದಾಗ ಅವಳು ಕಿರುಚಲಿಲ್ಲ, ನನ್ನ ಬೆರಳುಗಳನ್ನು ಹಿಂಡಿಬಿಟ್ಟಳು. ನಾನೇ ಅಯ್ಯೋ ಎಂದೆ. ನರ್ಸು ನಕ್ಕರು. "ಯಾರಿಗಪ್ಪಾ ಚುಚ್ಚಿದ್ದು?" ಎಂದರು.

ಒಂದು ತುಂಡು ಸೂಜಿಯಿಂದ ನೇರ ಐಸಿನ ಟ್ಯೂಬಿಗೆ, ಇನ್ನೊಂದು ನೇರ ನೆಲಮಹಡಿಯ ಪರೀಕ್ಷೆಯ ಶೀಶೆಗೆ. ಟ್ಯೂಬಿನಲ್ಲಿ ಕತ್ತರಿಗಳನ್ನು ಕಟ್ಟಿಹಾಕುವ ಔಷಧಿ ಮೊದಲೇ ಬೆರೆಸಿದ್ದೆ. ಲಿಫ್ಟು ಖಾಲಿ ಬಂತು, ಹತ್ತಿದೆ. ಮೇಡಂ ಟ್ಯೂಬನ್ನು ನನ್ನ ಕೈಯಿಂದ ತೆಗೆದುಕೊಂಡು, "ಇನ್ನು ನೀವು ಮುಟ್ಟೋ ಹಾಗಿಲ್ಲ. ನಾನೇ ಮಾಡ್ತೀನಿ" ಎಂದರು. ಸರಿ ಎಂದೆ. ಅವರ ಕೈ ಕಂಡರೆ ಭಯವಾಗಲಿಲ್ಲ.

ಆದರೆ ಮನೆಗೆ ಬಂದಾಗಿನಿಂದ ಒಂದೇ ಯೋಚನೆ. ಗೆರೆ ಮತ್ತೆ ಕೆಳಗೇ ಬಂದರೆ? ಅಕ್ಕನ ಒಂದು ವಾರವನ್ನು ನಾನು ಕಸಿದುಕೊಂಡಂತಾಗುತ್ತದೆ, ಎರಡನೇ ಸಲ ಚುಚ್ಚಿಸಿದ್ದಂತೂ ಬೇರೆ.

ಫೆಬ್ರವರಿ ೧೯, ಭಾನುವಾರ

ಊಟ ಸೇರುತ್ತಿಲ್ಲ. ಭಾವ ಬಂದು ನನ್ನ ಕುರ್ಚಿಯ ಕಾಲು ಸರಿಮಾಡಿ ಹೋದರು. ಅದು ಸರಿಯಾಗಿಯೇ ಇತ್ತು.

ಫೆಬ್ರವರಿ ೨೦, ಸೋಮವಾರ

ಮೇಡಂ ಪಟ್ಟಿಯನ್ನು ಕತ್ತರಿಸಿರಲಿಲ್ಲ. ಇಡೀ ಪಟ್ಟಿಯನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಮೇಲೆ, ಇರಬೇಕಾದ ಜಾಗದಲ್ಲೇ, ಒಂದು ಕಪ್ಪು ಗೆರೆ. ಕೆಳಗೆ ಬಿಳಿ. ಇಡೀ ಗ್ರಾಹಕ, ತಲೆಯಿಂದ ಬಾಲದವರೆಗೆ. ಮುರಿದದ್ದು ಮೇಜಿನ ಮೇಲೆ, ಅಕ್ಕನ ಮೈಯಲ್ಲಲ್ಲ. ನೆಲಮಹಡಿಯ ಹೊಸ ಸ್ಲೈಡಿನಲ್ಲೂ ಗ್ರಾಹಕ ಬಂದಿತ್ತು. ಡಾಕ್ಟರು ಕೀಮೋ ರದ್ದು ಮಾಡಿದರು. ಆಪರೇಷನ್, ಆಮೇಲೆ ಮಾತ್ರೆ.

ಕೊಳಕ್ಕೆ ಓಡಿದೆ. ಸೂಜಿಯ ಗಾಯ ಆರುವವರೆಗೆ ಅಕ್ಕ ನೀರಿಗಿಳಿಯುವಂತಿಲ್ಲ, ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಹೇಳಿದೆ. ನನ್ನ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ತಲೆ ತಗ್ಗಿಸಿ ಬಹಳ ಹೊತ್ತು ಅತ್ತಳು. ನೀರಿನಲ್ಲಿದ್ದ ಮಕ್ಕಳು ಸುಮ್ಮನಾದರು. ನಾನು ಅವಳ ಪಕ್ಕದಲ್ಲಿ ಕೂತೆ, ಪ್ಯಾಂಟು ಒದ್ದೆಯಾಯಿತು.

ಮುಖ ಒರೆಸಿಕೊಂಡು ಅವಳು ಕೇಳಿದಳು, "ಅವತ್ತು ಆ ಮೇಜಿನ ಮೇಲೆ ನಂದೊಂದೇ ಬಟ್ಟಲಾ ಇದ್ದಿದ್ದು?"

ಎಲ್ಲರದೂ ಮುಗಿಯಲಿ ಎಂದು ಕಾದಿದ್ದರು. ಎಲ್ಲರದೂ. ಗುರುವಾರದ ಪಟ್ಟಿಯಲ್ಲಿ ಖಾಲಿ ಇದ್ದ ಆ ಸಾಲುಗಳನ್ನು ನಾನೇ ಕಣ್ಣಾರೆ ನೋಡಿದ್ದೆ.

"ಅಲ್ಲ ಅಕ್ಕ."

"ಮತ್ತೆ ಇಲ್ಯಾಕೆ ಕೂತಿದೀಯ? ಏಳು!"

ಫೆಬ್ರವರಿ ೨೧, ಮಂಗಳವಾರ

ಬೆಳಿಗ್ಗೆ ಗಾಜಿನ ಮೇಷ್ಟ್ರ ಕೋಣೆಗೆ ಒಬ್ಬನೇ ಹೋದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಮಾತಾಡಿದೆ. ಮೊದಲ ಪಟ್ಟಿಯ ಕೆಳಗಿನ ತುಂಡನ್ನು ಅವರ ಮುಂದಿಟ್ಟು, ಅಕ್ಕನ ಸಾಲಿನ ಆಚೀಚೆ ತೋರಿಸಿದೆ. ಅಲ್ಲೂ ಕೆಳಗೆ ಗೆರೆಗಳು. ಅವತ್ತು ಅಕ್ಕನ ಸಾಲಿನ ಮೇಲಿಂದ ನನ್ನ ಕಣ್ಣು ಅಲುಗಿರಲಿಲ್ಲ. ಮೇಷ್ಟ್ರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರ ಮುಖದ ಬಣ್ಣವೇ ಹೋಯಿತು. "ಒಟ್ಟಿಗೆ ತನ್ನಿ ಅಂದಿದ್ದು ನಾನೇ. ಓಡಾಟ ಉಳಿಯುತ್ತೆ ಅಂತ" ಎಂದರು. ಆಮೇಲೆ ಡಾಕ್ಟರನ್ನೂ ಮೇಡಮ್ಮನ್ನೂ ಕರೆಸಿದರು.

ಆ ದಿನದವರನ್ನೆಲ್ಲ ಮತ್ತೆ ಕರೆಸಿ ಪರೀಕ್ಷೆ ಮಾಡುವುದು ಎಂದಾಯಿತು. ಫೋನ್ ಯಾರು ಮಾಡುವುದು ಎಂಬಲ್ಲಿ ಮಾತು ನಿಂತಿತು. ನಾನು ಮಾಡುತ್ತೇನೆ ಎಂದೆ. ಯಾಕೆ ಹಾಗಂದೆನೋ ದೇವರಿಗೇ ಗೊತ್ತು, ಭಯದಲ್ಲಿ ಬಾಯಿಗೆ ಏನೇನೋ ಬರುತ್ತದೆ.

ಮೊದಲನೆಯವರಿಗೆ ಕೀಮೋ ಆಗಲೇ ಶುರುವಾಗಿತ್ತು. ಫೋನ್ ಎತ್ತಿದವರು ಅವರೇ. ಬರೆದುಕೊಂಡಿದ್ದನ್ನು ಓದಿದೆ: ಪರೀಕ್ಷೆ ತಪ್ಪಿರಬಹುದು, ತಪ್ಪು ನಮ್ಮ ಕಡೆಯದು, ಮತ್ತೆ ಬರಬೇಕು. ಆ ಕಡೆಯಿಂದ ಪಾತ್ರೆ ಕೆಳಗಿಟ್ಟ ಶಬ್ದ ಕೇಳಿಸಿತು.

"ಹಾಗಾದ್ರೆ ಈ ವಾಂತಿ, ಈ ಸುಸ್ತು, ಇದೆಲ್ಲ ಸುಮ್ಮನೇನಾ?"

"ಗೊತ್ತಿಲ್ಲ ಅಮ್ಮ. ಬೇಕಾಗಿತ್ತೋ ಇಲ್ವೋ, ನೋಡಿದ ಮೇಲೇನೇ ಡಾಕ್ಟರು ಹೇಳ್ಬೇಕು."

"ಇದು ಯಾರಿಗೆ ಗೊತ್ತಾಯ್ತು? ಈಗ ಹೇಗೆ ಗೊತ್ತಾಯ್ತು?"

"ನಮ್ಮಕ್ಕಂದೂ ಅದೇ ದಿನ ತೆಗೆದಿದ್ರು. ಅವಳದು ಮತ್ತೆ ನೋಡಿದ್ವಿ."

ಅವರು ಕಿರುಚುತ್ತಾರೆ ಎಂದುಕೊಂಡೆ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

"ನಿಮ್ಮಕ್ಕ ಹೇಗಿದಾರೆ?"

ಚೆನ್ನಾಗಿದಾಳೆ ಎಂದು ಆ ಹೆಂಗಸಿಗೆ ಯಾವ ಮುಖದಿಂದ ಹೇಳಲಿ? "ಇದಾಳೆ ಅಮ್ಮ" ಎಂದೆ.

"ಯಾಕೆ ನಿಮ್ ದನಿ ಹಾಗಾಗ್ತಿದೆ? ಹೆದರಿಕೆನಾ?"

"ಹೌದಮ್ಮ. ತುಂಬಾ."

"ನಂಗೂನು" ಎಂದರು ಅವರು. ಆಮೇಲೆ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ನಾಳೆ ಎಷ್ಟೊತ್ತಿಗೆ ಬರ್ಲಿ, ಹೇಳಿ. ಬಂದಾಗ ನೀವು ಅಲ್ಲಿರ್ತೀರಾ?"